ಬೋಣಿಯ ಸಾಲು

ಬಾಗಿಲು ಬಡಿದ ಸದ್ದಿಗೆ ರಾಯ್ಸ್ ಪೆಟ್ಟಿಗೆಗೆ ಟೇಪು ಅಂಟಿಸುತ್ತಿದ್ದ ಕೈ ತಡೆದ.

ಗಂಟೆ ಮೂರು ದಾಟಿ ಎರಡು ನಿಮಿಷ. ಅವಳು ಕೆಲಸದಿಂದ ಬರುವುದು ಮೂರೂವರೆಗೆ. ಮಗಳು ಐದಕ್ಕೆ, ಶಾಲೆಯ ಬ್ಯಾಂಡಿನ ಅಭ್ಯಾಸ ಮುಗಿಸಿಕೊಂಡು. ಇಬ್ಬರ ಹೊತ್ತುಗೊತ್ತೂ ಅವನಿಗೆ ಬಾಯಿಪಾಠ. ಅಷ್ಟರೊಳಗೆ ಉಳಿದ ಎರಡು ಪೆಟ್ಟಿಗೆ ವ್ಯಾನಿಗೇರಬೇಕು, ಅವನು ಹೆದ್ದಾರಿ ಸೇರಿರಬೇಕು. ಅಳು, ಕೂಗಾಟ ಯಾವುದನ್ನೂ ಎದುರಿಸುವ ಮನಸ್ಸು ಅವನಿಗಿರಲಿಲ್ಲ. ಗೋಡೆಯ ಮೇಲಿನ ಬೆಳ್ಳಿ ಚೌಕಟ್ಟಿನ ಫೋಟೋಗಳನ್ನು ಇಳಿಸಿ ಪೆಟ್ಟಿಗೆಗೆ ಹಾಕುವಾಗಲೂ ಅವುಗಳತ್ತ ಕಣ್ಣೆತ್ತಿರಲಿಲ್ಲ. ಮುಖ ನೋಡಿದರೆ ಕೈ ನಿಧಾನವಾಗುತ್ತದೆ.

ಮತ್ತೆ ಬಡಿತ.

"ಸಾರ್, ಒಳಗಿದೀರಾ ಅಂತ ಗೊತ್ತು. ಕಿಟಕೀಲಿ ಕಂಡ್ರಿ."

ಹೀಗೇ ಬಡಿಯುತ್ತಿದ್ದರೆ ಬೀದಿಯೆಲ್ಲ ಇತ್ತ ತಿರುಗುತ್ತದೆ. ಹಲ್ಲು ಕಚ್ಚಿ ಬಾಗಿಲು ಗೇಣಗಲ ತೆರೆದ.

ಹತ್ತು ಹನ್ನೊಂದರ ಹುಡುಗಿ. ಹಳದಿ ಟೋಪಿ, ಎದೆಗವಚಿದ ರಟ್ಟು, ಅದರ ಮೇಲೆ ಮಿಠಾಯಿ ಡಬ್ಬಿಗಳ ಬಣ್ಣದ ಚಿತ್ರಪಟ.

"ಬೆಲ್ ಒತ್ತೋಕೆ ಏನು ರೋಗ? ಬಾಗಿಲು ಮುರಿದು ಹಾಕ್ತೀಯಾ?"

"ಅದು ಕೆಟ್ಟಿದೆ ಸಾರ್."

ಅವನು ಕೈ ಚಾಚಿ ಗುಂಡಿ ಒತ್ತಿದ. ಸದ್ದಿಲ್ಲ.

"ಬೋರ್ಡಾದ್ರೂ ಓದೋಕೆ ಬರತ್ತೋ ಇಲ್ವೋ? ಮಾರೋರು ಬರಬೇಡಿ ಅಂತ ಇದೆ."

"ಬರತ್ತೆ ಸಾರ್. ಅದು ಮಕ್ಕಳಿಗಲ್ಲ, ದೊಡ್ಡೋರಿಗೆ."

"ನಿನಗೆ ಯಾರು ಹೇಳಿದ್ದು?"

ಹುಡುಗಿ ಒಪ್ಪಿಸುವ ಪಾಠ ಶುರುಮಾಡಿದಳು. "ನಮ್ಮ ಶಾಲೆ ಬ್ಯಾಂಡಿಗೆ ಹೊಸ ಡ್ರಮ್ಮು ಬೇಕು. ಈ ವಾರ ಅಭ್ಯಾಸ ಇಲ್ಲ, ಎಲ್ಲಾರೂ ಮಾರಾಟಕ್ಕೆ ಹೊರಟಿದೀವಿ. ಅರವತ್ತು ಡಬ್ಬಿ ಮಾರಿದೋರನ್ನ ಉದ್ದನೆ ಕಾರಲ್ಲಿ ಪಿಜ್ಜಾ ತಿನ್ನಿಸೋಕೆ ಕರ್ಕೊಂಡು ಹೋಗ್ತಾರೆ."

"ಕಾರಿನ ಆಸೆಗೆ ಊರೆಲ್ಲ ಭಿಕ್ಷೆ ಎತ್ತೋದು. ಚೆನ್ನಾಗಿ ಕಲಿಸಿದಾರೆ."

"ಭಿಕ್ಷೆ ಅಲ್ಲ ಸಾರ್. ತಗೊಂಡಿದ್ದಕ್ಕೆ ಕೊಡೋದು."

ರಾಯ್ಸ್ ಜೇಬಿಗೆ ಕೈಹಾಕಿ ಐದು ಡಾಲರಿನ ನೋಟೊಂದನ್ನು ಅವಳತ್ತ ಎಸೆದ. "ತಗೊಂಡು ಹಾಳಾಗಿ ಹೋಗು. ಮಿಠಾಯಿ ಬೇಡ."

ನೋಟು ಮೆಟ್ಟಿಲ ಮೇಲೆ ಬಿತ್ತು. ಅವಳು ಅದನ್ನು ಮುಟ್ಟಲಿಲ್ಲ. "ಈಗ ದುಡ್ಡು ತಗೋಬಾರದು ಸಾರ್. ಹೆಸರು, ವಿಳಾಸ ಬರೀಬೇಕು. ಮಿಠಾಯಿ ಕ್ರಿಸ್‌ಮಸ್ಸಿಗೆ ಮುಂಚೆ ಬರತ್ತೆ."

"ಆಗ ನಾನಿಲ್ಲಿ ಇರಲ್ಲ."

"ಕಾಣ್ತಿದೆ." ಅವಳ ನೋಟ ಅವನ ಮೊಣಕೈಯ ಸಂದಿನಿಂದ ಒಳಗೆ ಹೋಯಿತು. ಪೆಟ್ಟಿಗೆಗಳು, ಖಾಲಿ ಕಪಾಟು, ಗೋಡೆಯಲ್ಲಿ ಉಳಿದ ಮೊಳೆಗಳು. ಕಸೂತಿಯ ಚೌಕಟ್ಟೊಂದು ಮಾತ್ರ ತನ್ನ ಜಾಗದಲ್ಲೇ ಇತ್ತು: ದೇವರೇ, ಈ ಮನೆಯನ್ನು ಹರಸು. "ಅದನ್ನ ಬಿಟ್ಟು ಹೋಗ್ತೀರಾ?"

"ಅದು ಅವಳದ್ದು."

"ಬಾಕಿದೆಲ್ಲ ನಿಮ್ದಾ?"

ರಾಯ್ಸ್ ಒಂದು ಹೆಜ್ಜೆ ಮುಂದೆ ಬಂದ. "ಲೇ, ನಿನ್ನ ವಯಸ್ಸೆಷ್ಟು, ಬಾಯೆಷ್ಟು? ನಿನ್ನ ಹಿಂದೆಮುಂದೆ ಯಾರೂ ಇಲ್ವಾ?"

"ಇದಾರೆ. ಒಬ್ಬೊಬ್ಬರೇ ಹೋಗಬಾರದು ಅಂತ ಶಾಲೇಲಿ ಹೇಳಿದಾರೆ." ಅವಳು ತಿರುಗಿ ಎದುರು ಮನೆಯ ಕಡೆ ಕೈಬೀಸಿದಳು. ಅಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳು ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದಳು. "ಆಲ್ಮಾ ಅಜ್ಜಿ. ನನ್ನನ್ನೇ ನೋಡ್ತಿದಾರೆ."

ಮುದುಕಿ ಕೈಬೀಸಲಿಲ್ಲ. ರಾಯ್ಸ್ ಎತ್ತಿದ್ದ ದನಿ ಇಳಿಯಿತು.

ಮೂರು ಗಂಟೆ ಹತ್ತು ನಿಮಿಷ. ಬಾಗಿಲು ಹಾಕಿದರೆ ಮತ್ತೆ ಬಡಿಯುತ್ತಾಳೆ, ಗದರಿದರೆ ಮುದುಕಿ ಬೀದಿ ದಾಟುತ್ತಾಳೆ. ಎರಡು ಗೆರೆ ಗೀಚಿದರೆ ಪೀಡೆ ತೊಲಗುತ್ತದೆ.

"ಕೊಡು ಇಲ್ಲಿ, ಶನಿ."

"ಮೊದಲು ಯಾವ ಡಬ್ಬಿ ಅಂತ ಆರಿಸಿ ಸಾರ್. ಇದರಲ್ಲಿ ಕಡಲೇಬೀಜ, ಇದರಲ್ಲಿ ಪುದೀನ. ಇದು ಬರೀ ಕ್ಯಾರಮೆಲ್, ಹಲ್ಲಿಗೆ ಅಂಟತ್ತೆ."

"ಯಾವುದಾದ್ರೂ ಬರಕೋ!"

"ನಾನು ಬರೀಬಾರದು. ನೀವೇ ಬರೀಬೇಕು." ಹುಡುಗಿ ರಟ್ಟು ಚಾಚಿದಳು. ಹಾಳೆಯ ಮೇಲ್ಭಾಗವನ್ನು ಚಿತ್ರಪಟ ಮುಚ್ಚಿತ್ತು. ಅದರ ಅಂಚನ್ನು ಅವಳ ಹೆಬ್ಬೆರಳು ಒತ್ತಿ ಹಿಡಿದಿತ್ತು. "ಕೈಗವಸು ತೆಗೀರಿ ಸಾರ್. ಅಕ್ಷರ ಕೆಟ್ಟರೆ ಟೀಚರು ಸಾಲನ್ನೇ ಹೊಡೆದು ಹಾಕ್ತಾರೆ."

ಅವನು ಬಲಗೈಯ ಗವಸನ್ನು ಹಲ್ಲಿನಿಂದ ಎಳೆದು ಕಿತ್ತ. ರಟ್ಟನ್ನು ಅಂಗೈಯಲ್ಲಿ ಕಸಿದುಕೊಂಡು, ಎಡಗೈಗೆ ದಾಟಿಸಿ ಪೆನ್ನು ಹಿಡಿದ. ಚಿತ್ರಪಟದ ಮೇಲಿನ ಅವಳ ಹೆಬ್ಬೆರಳು ಮಾತ್ರ ಕದಲಲಿಲ್ಲ.

"ಬೇರೆ ಯಾರಾದ್ರೂ ತಗೊಂಡಿದಾರೋ, ನಾನೊಬ್ಬನೇ ಮೂರ್ಖನೋ?"

"ಬೋಣಿ ಅಮ್ಮಂದು ಸಾರ್. ಮೊದಲ ಸಾಲು ಯಾವಾಗ್ಲೂ ಮನೇದೇ ಇರಬೇಕು. ಮನೆಯೋರೇ ಕೊಳ್ಳದೆ ಇದ್ದದ್ದನ್ನ ಬೀದಿಯೋರು ಯಾಕೆ ಕೊಳ್ಳಬೇಕು ಅಂತಾಳೆ."

"ಅವಳಿಗೂ ನಿನ್ನಷ್ಟೇ ಬಾಯಿ."

"ಜಾಸ್ತಿ ಸಾರ್. ನೀವು ಕೇಳಿಲ್ಲ."

ಅವನು ಬರೆದ. ಹೆಸರಿನ ಜಾಗದಲ್ಲಿ ತುಸು ತಡೆದು 'ಸ್ಮಿತ್' ಎಂದು ಗೀಚಿದ. ವಿಳಾಸಕ್ಕೆ ಬಂದಾಗ ಮತ್ತೆ ತಡೆದ. ಕತ್ತು ಹೊರಚಾಚಿ ಬಾಗಿಲ ಪಕ್ಕದ ಹಿತ್ತಾಳೆ ಅಂಕಿಗಳನ್ನು ನೋಡಿ ಬರೆದ: ೪೧೮, ಹಿಕರಿ ಬೀದಿ.

ಹುಡುಗಿ ಅವನ ಕತ್ತನ್ನೇ ನೋಡುತ್ತಿದ್ದಳು. ಮಗುವಿನ ಮುಖ, ನ್ಯಾಯಾಧೀಶನ ಕಣ್ಣು.

"ಆಯ್ತಾ? ಸಿಕ್ತಾ ನಿನ್ನ ಕಾರು?"

"ಬರ್ತಿದೆ ಸಾರ್."

ತಿರುವಿನಲ್ಲಿ ಪೊಲೀಸರ ಕಪ್ಪುಬಿಳುಪು ಕಾರೊಂದು ಕಾಣಿಸಿತು. ಛಾವಣಿಯ ದೀಪ ಹಚ್ಚಿರಲಿಲ್ಲ. ಸದ್ದು ಮಾಡದೆ ಬಂದು ವ್ಯಾನಿಗೆ ಅಡ್ಡವಾಗಿ ನಿಂತಿತು. ಎದುರು ಮನೆಯ ಮುದುಕಿ ಫೋನು ಕೆಳಗಿಳಿಸಿದಳು.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಸರಿಯುತ್ತ, ಚಿತ್ರಪಟವನ್ನು ಎಳೆದುಕೊಂಡಳು.

ಅವನ ಕೈಯಲ್ಲಿ ಉಳಿದ ಹಾಳೆಯ ಮೊದಲ ಸಾಲಿನಲ್ಲಿ, ಹೆಂಗಸಿನ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಅಮ್ಮ, ಎರಡು ಡಬ್ಬಿ, ೪೧೮, ಹಿಕರಿ ಬೀದಿ.