ಗಾದಿ ಸಾಬರ ಎದೆನೋವು

"ಸಾಹೇಬ್ರೇ, ಹರಿಹರದ ಗಾದಿ ಸಾಬ್ರು ಮತ್ತೆ ಸಾಯಾಕೆ ಬಂದಾರೆ," ಎಂದು ಕಾಂಪೌಂಡರ್ ಗುತ್ತೆಪ್ಪ ಒಳಗೆ ತಲೆ ಹಾಕಿ ಹೇಳಿದ.

ಡಾಕ್ಟರ್ ಪಾಲಯ್ಯ ನಕ್ಕರು. ದಾವಣಗೆರೆಯ ಮಂಡಿಪೇಟೆಯಲ್ಲಿ ಅವರದು ಹೆಸರಾದ ದವಾಖಾನೆ. ಶಿಸ್ತೆಂದರೆ ಶಿಸ್ತು. ಉಗುಳಬಾರದು, ಬೀಡಿ ಸೇದಬಾರದು, ರೋಗಿಯನ್ನು ಕಣ್ಣಾರೆ ನೋಡದೆ ಔಷಧಿ ಕೊಡುವುದಿಲ್ಲ, ಗದ್ದಲ ಮಾಡಬಾರದು. ಎಲ್ಲವೂ ಗೋಡೆಯ ಮೇಲೆ ಕೆಂಪಕ್ಷರದಲ್ಲಿತ್ತು. ಓದಲು ಬಾರದವರಿಗೆ ಗುತ್ತೆಪ್ಪನೇ ಗದರಿಸಿ ಓದಿ ಹೇಳುತ್ತಿದ್ದ.

ಲಾಲ್ ಸಾಬ್ ಒಳಗೆ ಬಂದ. ಹರಿಹರದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಮನುಷ್ಯ. ಬಾಗಿಲಿನಷ್ಟು ಅಗಲದ ಎದೆ. ಗಡ್ಡದಲ್ಲಿ ಬಸ್ ಸ್ಟ್ಯಾಂಡಿನ ಮಂಡಕ್ಕಿಯ ಕಾಳು. ಸಾಯಲು ಹೊರಟವನು ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಮುಗಿಸಿಕೊಂಡೇ ಬಂದಿದ್ದ.

"ಎದೆ ಹಿಂಡ್ತೈತೆ ರೀ. ಕೈ ಜೋಮು ಹಿಡೀತೈತೆ. ಇನ್ನೇನು ಜೀವ ಹೋತು ಅನ್ನಿಸ್ತೈತೆ."

"ಯಾವ ಕೈ?"

ಲಾಲ್ ಸಾಬ್ ತುಸು ಯೋಚಿಸಿ ಬಲಗೈ ಎತ್ತಿದ.

"ಹೋದ ಸಲ ಎಡಗೈ ಅಂದಿದ್ರಿ!"

"ಹೌದೇನ್ರೀ? ಹಂಗಾದ್ರೆ ಎಡಗೈನೇ ಇರಬೇಕು ಬಿಡ್ರಿ."

ಪಾಲಯ್ಯನವರ ಕಣ್ಣು ಅರಳಿತು. ನಾಡಿ ಹಿಡಿದರು. ನಿಧಾನ, ಗಟ್ಟಿ. ಹೊಸದಾಗಿ ತರಿಸಿದ್ದ ಇಸಿಜಿ ಯಂತ್ರವನ್ನು ಮತ್ತೊಮ್ಮೆ ಹಚ್ಚಿದರು. ಅದಕ್ಕೂ ಯಾವ ತಕರಾರೂ ಸಿಗಲಿಲ್ಲ. ಕೈಯಿಂದ ಕೈಗೆ ಓಡಾಡುವ ಜೋಮು ಯಾವ ವೈದ್ಯಶಾಸ್ತ್ರದಲ್ಲಿದೆ? ರೋಗ ಎದೆಯಲ್ಲಿಲ್ಲ, ಭಯದಲ್ಲಿದೆ. ತಮ್ಮ ಜಾಣತನಕ್ಕೆ ತಾವೇ ಶಹಬ್ಬಾಸ್ ಅಂದುಕೊಂಡರು.

"ಸಾಬ್ರೇ, ನಿಮ್ಮ ಎದೆ ಕಲ್ಲುಗುಂಡು ಇದ್ದಂಗೈತೆ. ಇದು ರೋಗ ಅಲ್ಲ, ರೋಗದ ಭಯ."

"ಹಂಗಾದ್ರೆ ಆ ಭಯಕ್ಕೇ ಔಷಧಿ ಕೊಡ್ರಿ!" ಲಾಲ್ ಸಾಬ್ ಕೈ ಮುಗಿದ. "ಮಗಳು ಗುಲ್ಷನ್‌ದು ಚೊಚ್ಚಲ ಹೆರಿಗೆ. ತವರಿಗೆ ಕರ್ಕೊಂಡು ಬರಬೇಕು. ಮನ್ಯಾಗೆ ನೋಡಿದ್ರೆ ಒಲೆ ಹಚ್ಚೋರಿಲ್ಲ. ಹಿಂಗಿದ್ರೆ ಬೀಗರು ಕಳಿಸ್ತಾರೇನ್ರೀ? ನನ್ನ ಕೂಸು ಬಾಣಂತನಕ್ಕೆ ಯಾರ ಮನಿಗೆ ಹೋಗ್ಬೇಕು?"

"ಒಬ್ರ ಭಯ ಮನೆಮಂದಿನೆಲ್ಲ ಮಲಗಿಸ್ತೈತೆ," ಎಂದು ಪಾಲಯ್ಯ ತಿಳಿದವರಂತೆ ತಲೆಯಾಡಿಸಿದರು. "ಕೇಳ್ರಿ. ಗಳಿಗೆಗೊಮ್ಮೆ ನಾಡಿ ಮುಟ್ಟಿ ನೋಡೋದು ಬಂದ್. ಭಯ ಬಂದ್ರೆ ಮಲಗಬಾರದು, ಕೈಗೊಂದು ಕೆಲಸ ಹಚ್ಚಬೇಕು. ಭಯ ಹೊಳೆ ನೀರಿದ್ದಂಗೆ. ಏರ್ತೈತೆ, ತಾನೇ ಇಳೀತೈತೆ."

"'ನಾ ಸಾಯ್ತೀನಾ' ಅಂತ ಪದೇ ಪದೇ ಕೇಳಿದ್ರೆ ಮನೆಯವರು ಏನನ್ಬೇಕ್ರೀ?"

"ಸಮಾಧಾನ ಹೇಳಲೇಬಾರದು. ಒಂದ್ಸಲ ಹೇಳಿದ್ರೆ ಹತ್ತು ಸಲ ಕೇಳೋ ಚಟ ಹತ್ತತೈತೆ. 'ಕೇಳಿದ್ದಾತು, ಈಗ ಕೆಲಸ ನೋಡು' ಅನ್ಬೇಕು. ನಿಮ್ಮ ಮನೆಯವರನ್ನ ಕರ್ಕೊಂಡು ಬರ್ರಿ, ನಾನೇ ಹೇಳ್ತೀನಿ."

"ಅಯ್ಯೋ, ದವಾಖಾನೆ ಮೆಟ್ಲು ಅಂದ್ರೆ ಆಕಿ ಮಾರು ದೂರ. ಬ್ಯಾಡ್ರಿ, ನಾನೇ ಹೇಳ್ತೀನಿ."

ಒಂದೊಂದು ಮಾತನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೇ ಲಾಲ್ ಸಾಬ್ ಎದ್ದ. ಬಾಗಿಲು ದಾಟಿದ ಮೇಲೂ ತುಟಿ ಆಡುತ್ತಿತ್ತು. "ಪಾಪ, ತಲೆ ಪೂರ್ತಿ ಕೆಟ್ಟೈತೆ," ಎಂದು ಗುತ್ತೆಪ್ಪ ಲೊಚಗುಟ್ಟಿದ.

ಆಮೇಲೆ ವಾರವಾರವೂ ವರದಿ ಬಂತು. ನಾಡಿ ಮುಟ್ಟುವುದು ಕಡಿಮೆಯಾಯಿತು. 'ಸಾಯ್ತೀನಾ' ಅನ್ನುವುದು ನಿಂತಿತು. ಒಂದು ದಿನ ಲಾಲ್ ಸಾಬ್ ಒಳಗೆ ಬಂದವನೇ, "ಮನ್ಯಾಗೆ ಒಲೆ ಹತ್ತಿತು ರೀ," ಎಂದು ಅತ್ತೇಬಿಟ್ಟ. ಪಾಲಯ್ಯನವರ ಕಣ್ಣೂ ಒದ್ದೆಯಾಯಿತು. ತಾವು ಇಷ್ಟು ದೊಡ್ಡ ವೈದ್ಯರೆಂದು ಅವರಿಗೂ ಗೊತ್ತಿರಲಿಲ್ಲ. ಗುಲ್ಷನ್ ತವರಿಗೆ ಬಂದಳು, ಗಂಡು ಹೆತ್ತಳು.

ಇಂಥ ಗೆಲುವನ್ನು ಗುಟ್ಟಾಗಿಡುವುದುಂಟೇ! ದಾವಣಗೆರೆಯಲ್ಲಿ ಡಾಕ್ಟರುಗಳ ಸಭೆ ಸೇರಿದಾಗ ಪಾಲಯ್ಯ ಕೋಟು ಹಾಕಿಕೊಂಡು ಭಾಷಣಕ್ಕೆ ನಿಂತರು. ಲಾಲ್ ಸಾಬನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ದವಾಖಾನೆ ಅಲ್ಲವಲ್ಲ ಎಂದು ಅವನ ಹೆಂಡತಿ ಫಕ್ರುನ್ನೀಸಾ ಕೂಡ ಬಂದು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು.

"ಮಿತ್ರರೇ, ಯಂತ್ರ ಬರೀ ನೆಪ," ಎಂದರು ಪಾಲಯ್ಯ. "ರೋಗಿಯ ಮುಖ ನೋಡಿದ ಕೂಡಲೇ ನಾನು ರೋಗ ಹಿಡಿದೆ. ಮುಖ ನೋಡುವುದನ್ನು ಕಲಿಯಿರಿ!"

ಚಪ್ಪಾಳೆ ಬಿತ್ತು. ಪಾಲಯ್ಯ ಕೈ ಚಾಚಿ, "ಸಾಬ್ರೇ, ಎಲ್ಲರಿಗೂ ಕೇಳಂಗೆ ಹೇಳ್ರಿ. ಎದೆನೋವು ಈಗ ಹೆಂಗೈತೆ?" ಎಂದರು.

ಲಾಲ್ ಸಾಬ್ ಎದ್ದ. ಟೋಪಿ ಸರಿಮಾಡಿಕೊಂಡು ಹಿಂದಿನ ಕುರ್ಚಿಯ ಕಡೆ ತಿರುಗಿದ.

"ಗುಲ್ಷನ್‌ನ ಅವ್ವಾ, ಎದ್ದು ಹೇಳು, ಡಾಕ್ಟ್ರು ಕೇಳ್ತಾರೆ, ರೋಗಿನ ನೋಡ್ದೆ ಔಷಧಿ ಕೊಡಲ್ಲ ಅಂತ ಬೋರ್ಡ್ ಹಾಕಿದ್ರು, ನೀ ನೋಡಿದ್ರೆ ಬರಲ್ಲ ಅಂದಿ, ಅದಕ್ಕೇ ಇಷ್ಟು ದಿನ ನಿನ್ನ ಎದೆನೋವು ನಾನೇ ಹೊತ್ಕೊಂಡು ಬರ್ತಿದ್ದೆ."