ಎಕ್ಸ್ ಅಂದರೆ ನಲವತ್ತು

ನೀರು ಹಂಚುವ ಯಂತ್ರದ ಜಾವಾ ಕೋಡನ್ನು ಪ್ರತಿ ಬೇಸಿಗೆಗೂ ಟ್ಯಾಂಕಿನ ಕಟ್ಟೆಯ ಮೇಲೆ ನಿಂತು ಊರಿಗೆ ಓದಿ ಹೇಳಬೇಕು. ಪ್ರತಿ ಸಾಲಿಗೂ ಚಪ್ಪಾಳೆ ಬಿದ್ದರಷ್ಟೇ ಯಂತ್ರ ನಡೆಯುತ್ತದೆ.

ಈ ವರ್ಷ ಓದಿದವಳು ಹೊಸ ಪ್ರೋಗ್ರಾಮರ್ ನೀಲಗಂಗಾ. “ಇಂಟ್ ಎಕ್ಸ್ ಈಕ್ವಲ್ಸ್ ನಲವತ್ತು.” ಚಪ್ಪಾಳೆ ಬಿತ್ತು.

ಹಳಬರು ಆ ಸಂಖ್ಯೆಗೆ ಇಟ್ಟಿದ್ದ ಎಕ್ಸ್ ಎಂಬ ಹೆಸರು ಅವಳಿಗೆ ಹಿಡಿಸಲಿಲ್ಲ. ಕೇಳಿದವರಿಗೆ ಅರ್ಥವಾಗಲೆಂದು ಅಲ್ಲೇ ತಿದ್ದಿ, ಮತ್ತೆ ಓದಿದಳು: “ಇಂಟ್ ನೀರುಸಿಗದಮನೆಗಳು ಈಕ್ವಲ್ಸ್ ನಲವತ್ತು.”

ಯಾರ ಕೈಯೂ ಮೇಲೇಳಲಿಲ್ಲ. ಯಂತ್ರ ಕಾಯುತ್ತಿತ್ತು.

ಮುಂದೆ ಕೂತಿದ್ದ ಕಲ್ಲವ್ವ ಕೊಡವನ್ನು ಹತ್ತಿರಕ್ಕೆ ಎಳೆದುಕೊಂಡಳು. “ಹೋದ ವರ್ಷ ಕೆಳಗಿನ ಓಣಿ ಮಂದಿ ಊರು ಬಿಟ್ಟು ಓಣಿ ಖಾಲಿ ಆತು, ನಮಗ ಯಾಕಂತ ಗೊತ್ತಾಗಲಿಲ್ಲ,” ಎಂದಳು. “ಎಕ್ಸ್ ಅಂತನ ಓದವಾ. ಚಪ್ಪಾಳಿ ಹೊಡೀತೀವಿ.”