ಎರಡು ಗಂಟೆಯ ಹಾಜರಿ

ಗುಜರಿಗೆ ಕಟ್ಟಿಟ್ಟಿದ್ದ ಹಳೆಯ ಕಾಗದಗಳೊಳಗೆ ಕೈ ಹಾಕಿದ್ದಾಗಲೇ ಮಲಕವ್ವ ಸಿಕ್ಕಿಬಿದ್ದಳು.

"ಏನ್ ಹುಡುಕ್ತಿದ್ದೀರ?"

ಬಾಗಿಲಲ್ಲಿ ನಿಂತಿದ್ದವಳು ಶ್ಯಾಮಲಾ, ಕಂಪನಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು. ಊಟದ ಹೊತ್ತಿನಲ್ಲಿ ಸರ್ವರ್ ಕೋಣೆಗೆ ಯಾರೂ ಬರುವುದಿಲ್ಲವೆಂದು ಮಲಕವ್ವ ನಂಬಿದ್ದಳು. ಕಂಕುಳಲ್ಲಿ ಪೊರಕೆ ಇತ್ತು. ಗುಡಿಸಲು ಬಂದೆ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹಾಜರಿ ಕಾಗದ ರೀ ಮೇಡಂ. ನಮ್ಮ ಮನಿಯವ್ರದ್ದು. ಬೆಂಕಿ ಬಿದ್ದ ದಿನದ್ದು."

"ಸೋಮಪ್ಪ," ಎಂದಳು ಶ್ಯಾಮಲಾ. ಒಳಗೆ ಬಂದು ಬಾಗಿಲು ಮುಚ್ಚಿದಳು.

ಬೊಮ್ಮಸಂದ್ರದ ಆ ಔಷಧಿ ಕಾರ್ಖಾನೆಗೆ ಬೆಂಕಿ ಬಿದ್ದು ಹದಿನಾಲ್ಕು ತಿಂಗಳಾಗಿತ್ತು. ಸತ್ತವನು ಸೋಮಪ್ಪ ಒಬ್ಬನೇ. ಅವನು ಅಂದು ಕೆಲಸಕ್ಕೇ ಬಂದಿರಲಿಲ್ಲ, ರಾಸಾಯನಿಕ ಕದಿಯಲು ಹಿಂದಿನ ಗೇಟಿನಿಂದ ನುಗ್ಗಿದ್ದ, ಬೆಂಕಿ ಹತ್ತಿದ್ದು ಅವನಿಂದಲೇ ಎಂದು ಕಂಪನಿ ಬರೆದುಕೊಟ್ಟಿತು. ಹಾಜರಿಯಲ್ಲಿ ಅವನ ಹೆಸರಿರಲಿಲ್ಲ.

ಮಲಕವ್ವನಿಗೆ ಗೊತ್ತಿದ್ದದ್ದು ಇಷ್ಟೇ: ಪಲ್ಯಕ್ಕೆ ಉಪ್ಪು ಸಾಲದೆಂದು ಗೊಣಗುತ್ತಲೇ ಉಂಡು, ಎರಡು ಗಂಟೆಯ ಶಿಫ್ಟಿಗೆ ಹೊತ್ತಾಯಿತೆಂದು ಅವನು ಓಡಿದ್ದ. ಯಾದಗಿರಿ ಕಡೆಯ ತಮ್ಮೂರಿನಲ್ಲಿ ಮಣ್ಣು ಮಾಡುವಾಗ ಒಡಹುಟ್ಟಿದವರೂ ದೂರ ನಿಂತರು. ಮಗಳು ಭಾಗ್ಯಶ್ರೀಗೆ ಶಾಲೆಯಲ್ಲಿ ಕಳ್ಳನ ಮಗಳೆಂಬ ಹೆಸರಾಯಿತು. ಆಮೇಲೆಯೇ ಮಲಕವ್ವ ಅದೇ ಕಂಪನಿಯ ಆಫೀಸಿಗೆ ಕಸ ಗುಡಿಸಲು ಸೇರಿದ್ದು. ಕಂತ್ರಾಟುದಾರ ಗಂಡನ ಹೆಸರು ಕೇಳಿರಲಿಲ್ಲ.

"ಪೇಪರ್‌ನಲ್ಲಿ ಸಿಗಲ್ಲ," ಎಂದಳು ಶ್ಯಾಮಲಾ. "ಹಾಜರಿ ಇರೋದು ಹಳೇ ಕಂಪ್ಯೂಟರ್‌ನಲ್ಲಿ. ಅದಕ್ಕೆ ಬೇರೆ ಪೆಟ್ಟಿಗೆ ಇಲ್ಲ. ಈ ದೊಡ್ಡ ಸರ್ವರ್ ಒಳಗೇ ಓಡೋ ವರ್ಚುವಲ್ ಮಷೀನ್ ಅದು. ಶನಿವಾರದೊಳಗೆ ತೆಗೆದುಹಾಕಿ ಅಂತ ಆರ್ಡರ್ ಬಂದಿದೆ."

"ಅದರಾಗಿಂದು ಒಂದ ಹಾಳಿ ತಗದು ಕೊಡ್ರಿ. ವಕೀಲ್ರು ಅಷ್ಟ ಕೇಳ್ಯಾರ."

"ಒಂದ್ ಹಾಳೆ ಸಾಲಲ್ಲ. ಇಡೀ ಮಷೀನೇ ಬೇಕು."

ಯಾಕೆಂದು ಹೇಳಲಿಲ್ಲ. ಸಂಜೆಯೊಳಗೆ ಸೆಕ್ಯುರಿಟಿಯವರು ಬಂದು ತನ್ನನ್ನು ಹೊರಗೆ ಹಾಕುತ್ತಾರೆಂದು ಮಲಕವ್ವ ಕಾದಳು. ಯಾರೂ ಬರಲಿಲ್ಲ.

ಮರುದಿನ ಊಟದ ಹೊತ್ತಿನಲ್ಲಿ ಶ್ಯಾಮಲಾ ಮೂಲೆಗೆ ಬಿದ್ದಿದ್ದ ಕಂಪ್ಯೂಟರೊಂದರ ಹಾರ್ಡ್ ಡಿಸ್ಕ್ ಬಿಚ್ಚಿ ಸರ್ವರಿಗೆ ಜೋಡಿಸಿದಳು. ಹಾಜರಿ ಇದ್ದ ಆ ವರ್ಚುವಲ್ ಮಷೀನನ್ನು ಇದ್ದಂತೆಯೇ ಅದರೊಳಕ್ಕೆ ಇಳಿಸಿದಳು. ಮಲಕವ್ವ ಒರೆಸಿದ ನೆಲವನ್ನೇ ಒರೆಸುತ್ತ ಹೊರಗೆ ಕಾವಲು ನಿಂತಳು. ಆದರೆ ಡಿಸ್ಕನ್ನು ಮರಳಿ ಆ ಮೂಲೆಯ ಕಂಪ್ಯೂಟರಿಗೆ ಹಾಕಿ ಗುಂಡಿ ಒತ್ತಿದಾಗ ಪರದೆ ನೀಲಿಯಾಗಿ ನಿಂತುಬಿಟ್ಟಿತು.

"ಹೋತೇನ್ರಿ?"

"ಇಲ್ಲ. ಇಷ್ಟು ದಿನ ಸರ್ವರ್ ಒಳಗೇ ಇತ್ತಲ್ಲ, ಈ ಬೇರೆ ಡಿಸ್ಕಿನ ಗುರುತು ಅದಕ್ಕೆ ಸಿಗ್ತಿಲ್ಲ. ಸರಿ ಮಾಡ್ತೀನಿ."

ಗುರುವಾರವೂ ಆಗಲಿಲ್ಲ. ಶ್ಯಾಮಲಾ ಊಟವನ್ನೇ ಬಿಟ್ಟು ಕುಳಿತಿದ್ದಳು. ಮಲಕವ್ವ ತನ್ನ ಗಂಟು ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟಳು. ಶ್ಯಾಮಲಾ ಅದನ್ನು ನೋಡಿದಳು, ಮುಟ್ಟಲಿಲ್ಲ. ಕಸ ಗುಡಿಸುವವಳ ರೊಟ್ಟಿ ಸೇರದೇನೋ ಎಂದುಕೊಂಡು ಮಲಕವ್ವ ಮತ್ತೆ ಗಂಟು ಕಟ್ಟಿದಳು.

ಶುಕ್ರವಾರ ಮಷೀನು ಎದ್ದಿತು. ಗುಜರಿ ಲೆಕ್ಕದ ಆ ಕಂಪ್ಯೂಟರನ್ನು ಹೊರಗೆ ಒಯ್ಯಲು ಶ್ಯಾಮಲಾ ತನ್ನ ಹೆಸರಿನಲ್ಲೇ ಗೇಟ್ ಪಾಸ್ ಬರೆಸಿದಳು.

"ನಿಮ್ಮ ಹೆಸರ ಬ್ಯಾಡ್ರಿ ಮೇಡಂ. ಕೆಲಸ ಹೋಗ್ತದ."

"ಹೋಗ್ಲಿ ಬಿಡಿ. ಹೆಸರು ಇರ್ಲಿ."

ಶನಿವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಕಂಪ್ಯೂಟರ್ ಹೇರಿಕೊಂಡು ಬೇಗೂರಿನ ವಕೀಲ ಆಂಜಿನಪ್ಪನವರ ಕಚೇರಿಗೆ ಹೋದರು. ಮಷೀನು ಚಾಲೂ ಆಯಿತು. ಆಂಜಿನಪ್ಪನವರು ಆ ದಿನದ ಹಾಜರಿ ತೆಗೆದು, ಮೇಲಿನಿಂದ ಕೆಳಗೆ ಬೆರಳು ಆಡಿಸಿ, ತಲೆ ಅಲ್ಲಾಡಿಸಿದರು.

"ಸೋಮಪ್ಪನ ಹೆಸರು ಇಲ್ಲ ಕಣಮ್ಮ."

ಮಲಕವ್ವ ಬೆಂಚು ಹಿಡಿದು ಕುಳಿತಳು.

"ಇನ್ನೊಂದ್ ಪಟ್ಟಿ ಇದೆ ಸಾರ್," ಎಂದು ಶ್ಯಾಮಲಾ ಬಾಗಿ ಎರಡು ಗುಂಡಿ ಒತ್ತಿದಳು. "ಹಾಜರಿನ ಯಾರಾದ್ರೂ ಬದಲಾಯಿಸಿದ್ರೆ ಮಷೀನ್ ತಾನೇ ಬರೆದಿಟ್ಕೊಳ್ಳುತ್ತೆ. ಪ್ರಿಂಟ್ ತೆಗೆದ್ರೆ ಇದು ಬರಲ್ಲ."

ಆಂಜಿನಪ್ಪನವರು ಕನ್ನಡಕ ಏರಿಸಿಕೊಂಡರು. "ಸೋಮಪ್ಪ. ಎರಡನೇ ಶಿಫ್ಟ್. ಒಳಗೆ ಬಂದದ್ದು ಒಂದು ಐವತ್ತೆರಡಕ್ಕೆ."

ಹದಿನಾಲ್ಕು ತಿಂಗಳು ತಡೆದಿಟ್ಟ ಅಳು ಒಮ್ಮೆಗೇ ಬಂತು. ಮಲಕವ್ವ ಶ್ಯಾಮಲಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನನ್ನ ಮಗಳು ಇನ್ನ ತಲಿ ಎತ್ತಿ ಸಾಲಿಗಿ ಹೋಗ್ತಾಳ್ರಿ. ನೀವು ದೇವರಂಗ ಬಂದ್ರಿ." ಶ್ಯಾಮಲಾ ಮುಖ ಕಿಟಕಿಯ ಕಡೆ ತಿರುಗಿಸಿದಳು.

"ಅದೇ ಸಂಜೆ ಆರು ನಲವತ್ತಕ್ಕೆ ಅಳಿಸಿದ್ದಾರೆ," ವಕೀಲರು ಓದುತ್ತಿದ್ದರು. "ಅಳಿಸಿದವರು..."

"ಯಾರ್ರೀ ಆ ಪಾಪಿ?" ಮಲಕವ್ವ ಇನ್ನೂ ಕೈ ಬಿಟ್ಟಿರಲಿಲ್ಲ.

"ಓದಿ ಸಾರ್," ಎಂದಳು ಶ್ಯಾಮಲಾ. "ಜೋರಾಗಿ ಓದಿ."

ಆಂಜಿನಪ್ಪನವರು ಓದಿದರು: "ಶ್ಯಾಮಲಾ."